ಅರ್ಥಿಂಗ್ ಗುಂಡಿಗೆ ಹಾಕಿದ ನೀರು

ಅಕ್ಕಾ, ನಿನ್ನ ಅತ್ತೆಗೆ ಕರೆಂಟ್ ಹೊಡೆದದ್ದು ನೀನು ಅರ್ಥಿಂಗ್ ಗುಂಡಿಗೆ ನೀರು ಹಾಕದೆ ಇದ್ದದ್ದಕ್ಕಲ್ಲ. ಕಾರಿನ ಚಾರ್ಜರ್ ಸಿಕ್ಕಿಸುವ ಪ್ಲಗ್ಗಿನ ಡಬ್ಬಿಯೊಳಗೆ ನಾನು ಸೇರಿಸಿದ್ದ ಬೆರಳುದ್ದದ ಒಂದು ತಂತಿಯಿಂದ. ಸೇರಿಸಿದವನೂ ನಾನೇ, ಯಾರಿಗೂ ಕಾಣದಂತೆ ತೆಗೆದವನೂ ನಾನೇ. ತೆಗೆದ ಮರುದಿನ ಎಲ್ಲರ ಎದುರು ನಿನ್ನ ಕಡೆ ತಿರುಗಿ "ನೀರ ಹಾಕಬೇಕಾಗಿತ್ತಕ್ಕಾ" ಎಂದವನೂ —

ಇಷ್ಟೇ ವಿಷಯ. ಇದನ್ನು ಹೇಳಲು ಸರಿಯಾದ ಮಾತು ಹುಡುಕುತ್ತಿದ್ದೇನೆ ಎಂದು ಇಷ್ಟು ವರ್ಷ ನನಗೆ ನಾನೇ ಸಬೂಬು ಹೇಳಿಕೊಂಡೆ. ಬರೆದು ನೋಡಿದರೆ ನಾಲ್ಕು ಸಾಲು. ಅದಕ್ಕೆ ಬೇಕಾದದ್ದು ಮಾತಲ್ಲ, ಎದೆ. ಅದು ನನ್ನಲ್ಲಿ ಇರಲಿಲ್ಲ. ಈಗಲೂ ಇದೆಯೋ ಇಲ್ಲವೋ ಗೊತ್ತಿಲ್ಲ — ದಣಿದಿದ್ದೇನೆ, ಅಷ್ಟು ಮಾತ್ರ ಗೊತ್ತು. ಸುಳ್ಳು ಹೇಳುವುದು ಒಂದು ದಿನದ ಕೆಲಸ. ಅದನ್ನು ಹೊತ್ತು ತಿರುಗುವುದು ದಿನಾ ಮಾಡಬೇಕಾದ ಕೆಲಸ. ನನಗೆ ಸಾಕಾಗಿದೆ.

ಇದನ್ನು ಓದುವವರೆಲ್ಲ ನಮ್ಮ ಮನೆಯವರಲ್ಲ. ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ.

ನಾನು ಗದಗದಲ್ಲಿ ಬ್ಯಾಟರಿ ಕಾರು ಮಾರುವವನು. ಬೆಟಗೇರಿಯ ನೇಕಾರರ ಮನೆ ನಮ್ಮದು. ಅಪ್ಪನ ಕೊನೆಗಾಲಕ್ಕೆ ಮಗ್ಗದ ಸಪ್ಪಳ ನಿಂತಿತು, ನಾನು ಸಪ್ಪಳವೇ ಮಾಡದ ಗಾಡಿ ಮಾರಲು ಹೋದೆ. ನೀನು ಲಕ್ಷ್ಮೇಶ್ವರಕ್ಕೆ ಮದುವೆಯಾಗಿ ಹೋದೆ. ನಿನ್ನ ಗಂಡ ಈರಣ್ಣ ಮಾವನದು ಸೀರೆ ವ್ಯಾಪಾರ — ಬೆಟಗೇರಿಯಿಂದ ಗಂಟು ತೆಗೆದುಕೊಂಡು ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಅಂಗಡಿಗಳಿಗೆ ಹಾಕುವುದು. ದಿನಾ ತಿರುಗಾಟ. ಮನೆಯಲ್ಲಿ ನೀವಿಬ್ಬರು, ಮಾವನ ತಾಯಿ ಗೌರವ್ವ. ಮಾವನ ತಂಗಿ ಶಿವಲೀಲಾಳನ್ನು ಮುಂಡರಗಿಗೆ ಕೊಟ್ಟಿತ್ತು. ಅಲ್ಲಿದ್ದುಕೊಂಡೇ ಆಕೆ ಈ ಮನೆಯ ಸಾರಿಗೆ ಉಪ್ಪು ಎಷ್ಟು ಬಿತ್ತು ಎಂದು ಹೇಳಬಲ್ಲಳು. ಇದು ನೀನೇ ಹೇಳುತ್ತಿದ್ದ ಮಾತು, ನನ್ನದಲ್ಲ.

ಮಾವನ ಹಳೆಯ ಡೀಸೆಲ್ ಗಾಡಿ ದಾರಿಯಲ್ಲಿ ನಿಲ್ಲತೊಡಗಿದಾಗ ನೀನೇ ಅಲ್ಲವೇ ನನ್ನ ಹೆಸರು ಎತ್ತಿದ್ದು. ಸಣ್ಣ ಎಲೆಕ್ಟ್ರಿಕ್ ಎಸ್‌ಯುವಿ, ನಮ್ಮಂಥವರ ಕೈಗೆಟಕುವ ಬೆಲೆಯದು, ಆಗಷ್ಟೇ ಬಂದಿತ್ತು. ನಾನು ಅದನ್ನು ಮನೆಯ ಮುಂದೆ ತಂದು ನಿಲ್ಲಿಸಿದ ದಿನ ಗೌರವ್ವ ಸೆರಗು ಸಿಕ್ಕಿಸಿಕೊಂಡು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ಏನಲೇ ಮಂಜ್ಯಾ, ಹೊಗಿ ಬಿಡಂಗಿಲ್ಲ, ಸಪ್ಳ ಮಾಡಂಗಿಲ್ಲ. ಇದು ಗಾಡಿ ಹೌದೋ ಅಲ್ಲೋ?"

"ಹೌದಬೇ ಯವ್ವಾ. ಮೊಬೈಲ್ ಚಾರ್ಜ್ ಮಾಡಿದಂಗ ಮಾಡೂದು, ಓಡಸೂದು."

"ಮಳಿಗಾಲದಾಗ ಕರೆಂಟ್ ಹೊಡಿತೈತೇನು?"

ನಾನು ನಕ್ಕೆ. ಗಿರಾಕಿಗಳು ಎಲ್ಲರೂ ಕೇಳುವ ಪ್ರಶ್ನೆ, ಅದಕ್ಕೆ ಪಾಠ ಮಾಡಿಟ್ಟ ಉತ್ತರ ಇತ್ತು. "ಹೊಡಿಯಂಗಿಲ್ಲಬೇ. ನೀರಾಗ ನಿಂತ್ರೂ ಏನೂ ಆಗಂಗಿಲ್ಲ." ಕಾರಿನ ಮಟ್ಟಿಗೆ ಅದು ಸುಳ್ಳಲ್ಲ. ಆ ಬ್ಯಾಟರಿಗೆ ನೀರು ಹೋಗುವುದಿಲ್ಲ. ಕಾರು ಯಾವತ್ತೂ ಯಾರಿಗೂ ಏನೂ ಮಾಡಲಿಲ್ಲ, ಅಕ್ಕಾ. ಅದಕ್ಕೂ ಕೆಟ್ಟ ಹೆಸರು ಬಂತು, ನನ್ನಿಂದಲೇ.

ಮಾವ ವ್ಯಾಪಾರಿ, ಸುಲಭಕ್ಕೆ ಒಪ್ಪುವವನಲ್ಲ. ಕಟ್ಟೆಯ ಮೇಲೆ ಕೂತು ನನ್ನನ್ನು ಹಿಂಡಿದ. "ಕಾಗದದಾಗ ಬರದಿದ್ದು ಬ್ಯಾಡ. ಒಂದ್ಸಲ ತುಂಬಿಸಿದ್ರ ಎಷ್ಟ್ ಓಡತೈತಿ, ಖರೆ ಹೇಳು."

ನಾನು ಖರೆ ಹೇಳಿದೆ. ಬರೆದದ್ದರಲ್ಲಿ ಮೂರು ಪಾಲಿಗೆ ಎರಡು ಪಾಲು ಹಿಡಿಯಿರಿ, ಬೇಸಿಗೆಯಲ್ಲಿ ಎ.ಸಿ. ಹಾಕಿದರೆ ಇನ್ನೂ ಸ್ವಲ್ಪ ಕಡಿಮೆ, ಆದರೂ ಲಕ್ಷ್ಮೇಶ್ವರದಿಂದ ಶಿರಹಟ್ಟಿ, ಅಲ್ಲಿಂದ ಗದಗ, ಮುಂಡರಗಿ ಮುಟ್ಟಿ ಮನೆಗೆ ಬಂದರೂ ಒಂದಿಷ್ಟು ಉಳಿದಿರುತ್ತದೆ ಎಂದೆ. ಬ್ಯಾಟರಿ ಎರಡು ಬಗೆ ಇವೆ, ನಿಮ್ಮ ತಿರುಗಾಟಕ್ಕೆ ದೊಡ್ಡದೇ ಬೇಕು ಎಂದೆ. ನೆಲದಿಂದ ಎತ್ತರ ಇದೆ, ಶಿರಹಟ್ಟಿ ದಾರಿಯ ಕುಣಿಗಳಿಗೆ ಹೊಟ್ಟೆ ಬಡಿಯುವುದಿಲ್ಲ. ಹಿಂದಿನ ಸೀಟು ಮಡಚಿದರೆ ಸೀರೆಯ ಗಂಟುಗಳೆಲ್ಲ ಹಿಡಿಯುತ್ತವೆ. ಮನೆಯ ದೊಡ್ಡ ಪ್ಲಗ್ಗಿಗೆ ಸಂಜೆ ಸಿಕ್ಕಿಸಿದರೆ ಬೆಳಗಾಗುವಷ್ಟರಲ್ಲಿ ತುಂಬುತ್ತದೆ. ಅವಸರ ಇದ್ದರೆ ಗದಗದ ಫಾಸ್ಟ್ ಚಾರ್ಜರಿಗೆ ಹಚ್ಚಿ ಊಟ ಮಾಡಿ ಬರುವಷ್ಟರಲ್ಲಿ ಮುಕ್ಕಾಲು ಪಾಲು. ಒಂದಕ್ಕೂ ಬಣ್ಣ ಕಟ್ಟಲಿಲ್ಲ. ಈ ಪ್ರಾಮಾಣಿಕತೆಯ ಬಗ್ಗೆ ನನಗೆ ಒಳಗೊಳಗೇ ಜಂಬ ಇತ್ತು. ಕಿಲೋಮೀಟರಿನಲ್ಲಿ ಸುಳ್ಳು ಹೇಳದವನು ಬೇರೆ ಕಡೆಯೂ ಹೇಳುವುದಿಲ್ಲ ಎಂದು ನೀವೆಲ್ಲ ನಂಬಿದಿರಿ. ನಾನೂ ನಂಬಿದ್ದೆ.

ಶಿವಲೀಲಾ ಮುಂಡರಗಿಯಿಂದ ಫೋನಿನಲ್ಲೇ ಬೇಡ ಎಂದಳು. ನೀನು ಎಂದೂ ಮಾವನಿಗೆ ಎದುರು ಮಾತಾಡಿದವಳಲ್ಲ, ಅಂದು ಮಾತ್ರ ಹೇಳಿದೆ: "ನನ್ನ ತಮ್ಮ ತಂದದ್ದು ಅಂತ ಅಲ್ರೀ. ಛಲೋ ಐತಿ ಅಂತ ಅಂದೆ. ಕೆಟ್ರ ನನ್ನ ಕೇಳ್ರಿ." ಆ ಮಾತಿನ ಮೇಲೆ ಕಾರು ಬಂತು.

ಕಾರು ಕೊಡುವ ಮೊದಲು ಮನೆಗೆ ಹೋಗಿ ವೈರಿಂಗ್ ನೋಡಬೇಕು, ಸೋರಿದ ಕರೆಂಟನ್ನು ಮಣ್ಣಿಗೆ ಇಳಿಸುವ ಅರ್ಥಿಂಗ್ ಸರಿ ಇದೆಯೋ ಇಲ್ಲವೋ ಪರೀಕ್ಷೆ ಮಾಡಬೇಕು — ಇದು ನಮ್ಮಲ್ಲಿ ಕಡ್ಡಾಯ. ಅದಕ್ಕೇ ಬೇರೆ ಜನ ಇದ್ದಾರೆ. ಅವರು ಕೇಳಿದಾಗ ನಾನು, "ಅದು ನಮ್ಮಕ್ಕನ ಮನಿ, ನಾನ ನೋಡೀನಿ, ಎಲ್ಲಾ ಸರಿ ಐತಿ" ಎಂದೆ. ನೋಡಿದ್ದು ಹೌದು. ನಿನ್ನ ಅಂಗಳದ ಮೂಲೆಯ ಬೇವಿನ ಗಿಡದ ಪಕ್ಕದ ಗುಂಡಿಯನ್ನು ಕಣ್ಣಿಂದ ನೋಡಿದ್ದೆ. ಮೀಟರ್ ಹಚ್ಚಿ ನೋಡಲಿಲ್ಲ. ಅಕ್ಕನ ಮನೆಗೆ ಹೋದರೆ ಊಟ ಮಾಡಿ ಹರಟೆ ಹೊಡೆದು ಬರುವುದು ರೂಢಿ, ತಪಾಸಣೆ ಮಾಡುವುದಲ್ಲ. ಪರರ ಮನೆ ಆಗಿದ್ದರೆ ನೋಡುತ್ತಿದ್ದೆನೋ ಏನೋ.

ಅಕ್ಷಯ ತದಿಗೆಯ ದಿನವೇ ಗಾಡಿ ಮನೆಗೆ ಬರಬೇಕೆಂದು ಗೌರವ್ವನ ಹಟ. ಬಂತು. ಆರತಿಯಾಯಿತು, ಚಕ್ರದ ಕೆಳಗೆ ನಿಂಬೆಹಣ್ಣು ಒಡೆಯಿತು, ಸೋಮೇಶ್ವರ ಗುಡಿಗೆ ಹೋಗಿ ಬಂದಿರಿ. ಮರುದಿನ ಬೆಳಿಗ್ಗೆ ಎಲ್ಲರೂ ಅದೇ ಗಾಡಿಯಲ್ಲಿ ಮುಂಡರಗಿಗೆ ಹೋಗಬೇಕು — ಶಿವಲೀಲಾಳ ಮಗಳ ಕುಬಸ, ತುಂಬಿದ ಬಸುರಿಗೆ ಉಡಿ ತುಂಬುವುದು. ಶಿವಲೀಲಾ ತವರಿನವರನ್ನು ಕರೆಯಲು ತಾನೇ ಬಂದು ಕೂತಿದ್ದಳು. ನಾನು ಚಾರ್ಜರ್ ತೆಗೆದು ಕಟ್ಟೆಯ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿದೆ. ಕೆಂಪು ದೀಪ.

ತೆಗೆದು ಮತ್ತೆ ಸಿಕ್ಕಿಸಿದೆ. ಮತ್ತೆ ಕೆಂಪು. ಆ ಚಾರ್ಜರ್ ಜಾಣ. ಅರ್ಥಿಂಗ್ ಸರಿ ಇಲ್ಲದಿದ್ದರೆ ಕರೆಂಟು ತೆಗೆದುಕೊಳ್ಳುವುದೇ ಇಲ್ಲ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಗುಂಡಿಯೊಳಗಿನ ಕಬ್ಬಿಣಕ್ಕೆ ಹಸಿಮಣ್ಣಿನ ಸೋಂಕೇ ಇಲ್ಲ. ಸರಿಯಾದ ದಾರಿ ಒಂದೇ: ಹೊಸ ಗುಂಡಿ ತೋಡಿ, ಇದ್ದಿಲು ಉಪ್ಪು ಹಾಕಿ, ಪಟ್ಟಿ ಹೂಳಿ, ನೀರು ಕುಡಿಸಿ ಕಾಯಬೇಕು. ಅಂದರೆ ಮರುದಿನದ ಕುಬಸಕ್ಕೆ ಹೊಸ ಗಾಡಿ ಇಲ್ಲ.

ಶಿವಲೀಲಾ ಕಟ್ಟೆಯ ಮೇಲಿಂದಲೇ ಅಂದಳು: "ನೀಲಾ, ನಿನ್ನ ತಮ್ಮ ತಂದ ಗಾಡಿ ಮೊದಲ್ನೇ ದಿನಾನ ಉಪವಾಸ ಹಿಡೀತಲ್ಲ?" ಎಲ್ಲರೂ ನಕ್ಕರು. ನೀನೂ ನಕ್ಕೆ, ಆದರೆ ನನ್ನ ಕಡೆ ನೋಡಿದೆ.

ಆ ನೋಟದ ಮೇಲೆ ಎಷ್ಟು ಸಲ ಎಲ್ಲ ಭಾರ ಹಾಕಿದ್ದೇನೆ! ಅಕ್ಕನ ಮರ್ಯಾದೆ ಉಳಿಸಲು ಮಾಡಿದೆ ಎಂದು. ಸುಳ್ಳು. ನಾನು ಪರೀಕ್ಷೆ ಮಾಡದೆ 'ಸರಿ ಐತಿ' ಎಂದದ್ದು ಬಯಲಾಗುತ್ತದಲ್ಲ — ಅದು ನನ್ನ ಮರ್ಯಾದೆ.

ಚಾರ್ಜರಿಗೆ ಮೋಸ ಮಾಡುವ ಒಂದು ಕಳ್ಳದಾರಿ ಇದೆ. ಅದನ್ನು ಮಾಡಲೇಬಾರದೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು, ಹಾಗಾಗಿ ಹೇಗೆ ಮಾಡಬೇಕೆಂಬುದೂ ಗೊತ್ತಿತ್ತು. ಮನೆಗೆ ಕಂಬದಿಂದ ಎರಡು ತಂತಿ ಬರುತ್ತವೆ. ಒಂದರಲ್ಲಿ ಕರೆಂಟು ಬರುತ್ತದೆ, ಇನ್ನೊಂದರಲ್ಲಿ ಹಿಂದಕ್ಕೆ ಹೋಗುತ್ತದೆ. ಹಿಂದಕ್ಕೆ ಹೋಗುವುದು ನ್ಯೂಟ್ರಲ್. ಅರ್ಥಿಂಗಿನ ಹಸಿರು ತಂತಿ ಬೇರೆ, ಅದು ಮಣ್ಣಿಗೆ ಹೋಗುವುದು. ನಾನು ಪ್ಲಗ್ಗಿನ ಡಬ್ಬಿ ಬಿಚ್ಚಿ, ಹಸಿರು ತಂತಿಯನ್ನು ಬಿಡಿಸಿ ಒಳಗೆ ಮಡಚಿಟ್ಟು, ಅದರ ಜಾಗಕ್ಕೆ ನ್ಯೂಟ್ರಲ್‌ನಿಂದ ಒಂದು ತುಂಡು ಕಪ್ಪು ತಂತಿ ಎಳೆದು ಕೂಡಿಸಿದೆ. ಚಾರ್ಜರ್ ಮೋಸಹೋಯಿತು. ಹಸಿರು ದೀಪ ಹತ್ತಿತು, ನೀನು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಎಲ್ಲ ನೆಟ್ಟಗಿರುವವರೆಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಹೊರಗೆ ಎಲ್ಲಾದರೂ ನ್ಯೂಟ್ರಲ್ ತಂತಿ ಕಡಿದರೆ — ಮನೆಯ ದೀಪ ಆರುತ್ತದೆ, ಫ್ಯಾನ್ ನಿಲ್ಲುತ್ತದೆ, ಎಲ್ಲರೂ ಕರೆಂಟ್ ಹೋಯಿತು ಎನ್ನುತ್ತಾರೆ. ಹಿಂದಕ್ಕೆ ಹೋಗಲು ದಾರಿ ಸಿಗದ ಕರೆಂಟು ಆ ತುಂಡು ತಂತಿಯಿಂದ ಕಾರಿನ ಮೈಗೆಲ್ಲ ಹಬ್ಬಿ ನಿಂತಿರುತ್ತದೆ. ನನಗೆ ಇದು ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆಯುವ ಆಸೆ ಈ ಕ್ಷಣಕ್ಕೂ ಇದೆ, ಆದರೆ ಗೊತ್ತಿತ್ತು.

ಮಳೆ ಬಿದ್ದು ಮಣ್ಣು ಹಸಿಯಾದ ಮೇಲೆ ಬಂದು ಸರಿಮಾಡುತ್ತೇನೆ, ಆವರೆಗೆ ಮಾತ್ರ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಕೆಂಪು ದೀಪಕ್ಕೆ ಏನಾದರೂ ಒಂದು ಕಾರಣ ಬೇಕಿತ್ತಲ್ಲ, ನಿನಗೆ ಹೇಳಿದ್ದು ಬೇರೆ: "ಅಕ್ಕಾ, ಆ ಗುಂಡಿಗೆ ದಿನಾ ಒಂದ್ ತಂಬಿಗಿ ನೀರ ಹಾಕು. ಅರ್ಥಿಂಗ್ ಒಣಗಬಾರ್ದು."

"ನಳ ಬಿಟ್ಟು ಹತ್ತ ದಿನಾ ಆತು, ನಮಗ ಕುಡ್ಯಾಕ ಇಲ್ಲ. ನಿನ್ನ ಕಾರಿಗೂ ಕುಡಸಬೇಕೇನೋ?" ಎಂದು ನಕ್ಕೆ ನೀನು.

"ನಮ್ಮ ಸಲುವಾಗಿ ಹಾಕಕ್ಕಾ."

ಹಾಕಿದೆ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಮುಖ ತೊಳೆದ ನೀರು ಬಕೆಟ್ಟಿನಲ್ಲಿ ಕೂಡಿಟ್ಟು ಹಾಕಿದೆ. ತುಳಸಿಗೆ ಒಂದು ಚರಿಗೆ, ಅರ್ಥಿಂಗಿಗೆ ಒಂದು ತಂಬಿಗೆ. ಮಾವ ಚೇಷ್ಟೆ ಮಾಡುತ್ತಿದ್ದ, ಇಬ್ಬರು ದೇವರಾದರು ನಿನಗೆ ಎಂದು. ನಾನು ಬಂದಾಗಲೆಲ್ಲ ನೋಡುತ್ತಿದ್ದೆ. ಗುಂಡಿಯ ಸುತ್ತ ಸದಾ ತೇವ ಇರುತ್ತಿತ್ತು.

ಮಳೆ ಬಂತು. ನಾನೂ ಬಂದೆ. ನಾಗರಪಂಚಮಿಗೆ ಬಂದೆ, ದಸರೆಗೆ ಬಂದೆ, ಬನ್ನಿ ಕೊಟ್ಟು ಹೋದೆ. ಆ ಡಬ್ಬಿಯ ಎದುರೇ ಕಟ್ಟೆಯ ಮೇಲೆ ಕೂತು ಚಹಾ ಕುಡಿದೆ. ಸ್ಕ್ರೂಡ್ರೈವರ್ ತರಲು ಮರೆತೆ ಎಂದು ಒಮ್ಮೆ, ಮಾವ ಎದುರಿಗಿದ್ದಾನೆ ಎಂದು ಇನ್ನೊಮ್ಮೆ, ಆಮೇಲೆ — ಆಮೇಲೆ ನೆನಪಾಗುವುದೇ ನಿಂತಿತು. ಏನೂ ಆಗಿಲ್ಲ, ಆಗುವುದಿಲ್ಲ ಎಂಬ ಧೈರ್ಯ ಬಂದುಬಿಟ್ಟಿತ್ತು. ಗಾಡಿ ಚೆನ್ನಾಗಿ ಓಡುತ್ತಿತ್ತು. ಮಾವ ಅಂಗಡಿ ಅಂಗಡಿಯಲ್ಲಿ ಅದನ್ನು ಹೊಗಳುತ್ತಿದ್ದ. ಗೌರವ್ವನಿಗಂತೂ ಅದು ಮನೆಯ ದನದಷ್ಟು ಸಲಿಗೆ ಆಗಿತ್ತು. ಎಂಜಿನ್ ಬಿಸಿ ಇಲ್ಲ, ಎಣ್ಣೆ ಇಲ್ಲ ಎಂದು ಅದರ ಬಾನೆಟ್ಟಿನ ಮೇಲೆಯೇ ಬಟ್ಟೆ ಹಾಸಿ ಸಂಡಿಗೆ ಒಣಹಾಕುತ್ತಿದ್ದಳು. ಗಾಳಿಗೆ ಹಾರಬಾರದೆಂದು ಬಟ್ಟೆಯ ತುದಿಯನ್ನು ವೈಪರಿನ ಕಡ್ಡಿಗೆ ಕಟ್ಟುತ್ತಿದ್ದಳು. ಅದನ್ನು ಕಂಡು ನಾನು ಫೋಟೋ ತೆಗೆದು ಶೋರೂಮಿನಲ್ಲಿ ಎಲ್ಲರಿಗೂ ತೋರಿಸಿದ್ದೆ.

ಮುಂದಿನ ಬೇಸಿಗೆ. ಅಂದು ಮಧ್ಯಾಹ್ನ ಮಾವ ಶಿರಹಟ್ಟಿಯಿಂದ ಬಂದು ಕಾರನ್ನು ಚಾರ್ಜಿಗೆ ಹಚ್ಚಿ ಮಲಗಿದ್ದ. ಗೌರವ್ವ ಯಥಾಪ್ರಕಾರ ಬಾನೆಟ್ಟಿನ ಮೇಲೆ ಸಂಡಿಗೆ ಹಾಕಿದ್ದಳು. ಇಳಿಹೊತ್ತಿಗೆ ಧೂಳೆಬ್ಬಿಸಿ ಗಾಳಿ ಬಂತು, ಹಿಂದೆಯೇ ನಾಲ್ಕು ದಪ್ಪ ಹನಿ ಮಳೆ. ಕರೆಂಟ್ ಹೋಯಿತು. ಸಂಡಿಗೆ ತೋಯುತ್ತವೆ ಎಂದು ಮುದುಕಿ ಬರಿಗಾಲಲ್ಲಿ ಅಂಗಳಕ್ಕೆ ಓಡಿ, ವೈಪರಿನ ಬುಡಕ್ಕೆ ಕಟ್ಟಿದ್ದ ಗಂಟು ಬಿಚ್ಚಲು ಕೈ ಹಾಕಿದಳು.

ನೀನು ಫೋನ್ ಮಾಡಿದಾಗ ನಾನು ಶೋರೂಮಿನಲ್ಲಿದ್ದೆ. "ಮಂಜ್ಯಾ, ಅತ್ತಿಗೆ ಕರೆಂಟ್ ಹೊಡೀತೋ. ಒಗದಂಗಾಗಿ ಕಟ್ಟಿ ಮ್ಯಾಲೆ ಬಿದ್ಲು. ಬಾಜೂ ಮನಿಯವರ ಜೀಪಿನ್ಯಾಗ ಗದಗಕ್ಕ ತರಾಕತ್ತೀವಿ, ದವಾಖಾನಿಗೆ ಬಾ."

"ಎಲ್ಲಿ ಹೊಡೀತಕ್ಕಾ?"

"ಕಾರ್ ಮುಟ್ಟಿದ್ಲು. ಲೈಟ್ ಹೋಗಿದ್ವೋ ಮಂಜ್ಯಾ, ಕರೆಂಟ ಇರಲಿಲ್ಲ, ಹೆಂಗ ಹೊಡೀತು —"

ನಿನ್ನ ಪ್ರಶ್ನೆಗೆ ಉತ್ತರ ಗೊತ್ತಿದ್ದವನು ಇಡೀ ಜಿಲ್ಲೆಯಲ್ಲಿ ಆ ಹೊತ್ತಿಗೆ ನಾನೊಬ್ಬನೇ. ನಾನು ದವಾಖಾನೆಗೆ ಬರಲಿಲ್ಲ. ಬೈಕ್ ತೆಗೆದುಕೊಂಡು ಲಕ್ಷ್ಮೇಶ್ವರದ ಕಡೆಗೆ ಹೊಡೆದೆ. ಮಲ್ಲಸಮುದ್ರ ದಾಟಿ ಒಂದಷ್ಟು ದೂರ ಹೋದ ಮೇಲೆ ಆ ಜೀಪು ಎದುರಿಗೆ ಬಂತು. ಹಿಂದಿನ ಸೀಟಿನಲ್ಲಿ ನೀನು ಅತ್ತೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದು ಕಂಡಿತು. ನನಗೆ ಹೆಲ್ಮೆಟ್ ಇತ್ತು, ನಿನಗೆ ಗುರುತು ಸಿಗಲಿಲ್ಲ. ನಾನು ನಿಲ್ಲಲಿಲ್ಲ ಅಕ್ಕಾ. ಮುದುಕಿ ಬದುಕಿದ್ದಾಳೋ ಇಲ್ಲವೋ ಎಂದು ಕೇಳಲಿಲ್ಲ. ಮಿಕ್ಕಿದ್ದಕ್ಕೆಲ್ಲ ಭಯ, ಆಲಸ್ಯ ಎಂದು ಏನಾದರೂ ಹೆಸರು ಕೊಡಬಹುದು. ಆ ಜೀಪನ್ನು ದಾಟಿ ಮುಂದೆ ಹೋದದ್ದಕ್ಕೆ ಯಾವ ಹೆಸರು ಕೊಡಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮನೆಗೆ ಬೀಗ ಇರಲಿಲ್ಲ, ಯಾರೂ ಇರಲಿಲ್ಲ. ಬಟ್ಟೆ ಹರಿದು ಸಂಡಿಗೆಯೆಲ್ಲ ನೆಲದ ಮೇಲೆ ಬಿದ್ದಿದ್ದವು. ಮೇನ್ ಸ್ವಿಚ್ ಆರಿಸಿದೆ. ಡಬ್ಬಿ ಬಿಚ್ಚಿ ಕಪ್ಪು ತುಂಡನ್ನು ಕಿತ್ತು ಕಿಸೆಗೆ ಹಾಕಿಕೊಂಡೆ, ಒಳಗೆ ಮಡಚಿಟ್ಟಿದ್ದ ಹಸಿರು ತಂತಿಯನ್ನು ಬಿಡಿಸಿ ಅದರ ಜಾಗದಲ್ಲಿ ಕೂಡಿಸಿದೆ. ಒಂದು ವರ್ಷ ಪುರುಸೊತ್ತು ಸಿಗದ ಕೆಲಸ ಚಹಾ ಕುದಿಯುವಷ್ಟರಲ್ಲಿ ಮುಗಿಯಿತು. ತಿರುಗಿ ಬರುವಾಗ ಹರ್ತಿಯ ಹತ್ತಿರ ಆ ತುಂಡನ್ನು ಹೊಲಕ್ಕೆ ಎಸೆದೆ. ಆಮೇಲೆ ದವಾಖಾನೆಗೆ ಬಂದೆ. ಗೌರವ್ವನ ಬಲಗೈ ಸುಟ್ಟಿತ್ತು, ಸೊಂಟದ ಎಲುಬು ಮುರಿದಿತ್ತು. ಜೀವ ಉಳಿಯಿತು. ನೀನು ನನ್ನ ಭುಜಕ್ಕೆ ತಲೆಯಿಟ್ಟು ಅತ್ತೆ. "ಛಲೋ ಆತು ನೀ ಬಂದಿ" ಎಂದೆ.

ಮರುದಿನ ಕರೆಂಟ್ ಆಫೀಸಿನ ಲೈನ್‌ಮನ್ ಬಂದ. ಕಂಬದ ಮೇಲೆ ಕಡಿದಿದ್ದ ನ್ಯೂಟ್ರಲ್ ಕಟ್ಟಿದ. ಮಾವ ಕೇಳಿದ್ದಕ್ಕೆ ಅರ್ಥಿಂಗಿಗೆ ಬಲ್ಬು ಹಚ್ಚಿ ನೋಡಿದ. ಅರ್ಥಿಂಗ್ ಸರಿ ಇದ್ದರೆ ಬಲ್ಬು ಹತ್ತಬೇಕು, ಅದು ಮಿಣುಕ್ ಎನ್ನಲಿಲ್ಲ. ಡಬ್ಬಿ ಬಿಚ್ಚಿ ನೋಡಿದ. ಎಲ್ಲ ತಂತಿಗಳೂ ತಮ್ಮ ತಮ್ಮ ಜಾಗದಲ್ಲಿದ್ದವು.

"ಎಲ್ಲೋ ಲೀಕ್ ಆಗಿ ಗಾಡಿ ಮೈಗೆ ಬಂದೈತ್ರಿ. ಅರ್ಥಿಂಗ್ ಇದ್ದಿದ್ರ ನೆಲಕ್ಕ ಹೋಗ್ತಿತ್ತು. ಇದು ಒಣಗಿ ಸತ್ತೈತಿ. ನೀರ ಹಾಕ್ತಿದ್ದಿಲ್ಲೇನ್ರಿ?"

ಅಂಗಳದಲ್ಲಿ ಮಾವ, ತಾಯಿಯ ಸೀರೆ ಒಯ್ಯಲು ಬಂದಿದ್ದ ಶಿವಲೀಲಾ, ಪಕ್ಕದ ಮನೆಯವರು, ನಾನು. ಎಲ್ಲರೂ ನಿನ್ನ ಕಡೆ ನೋಡಿದರು. ನೀನು ಮಾವನಿಗೆ ಹೇಳಿದೆ, ಸಣ್ಣ ದನಿಯಲ್ಲಿ: "ದಿನಾ ಹಾಕ್ತಿದ್ದೆರಿ. ಈ ಸಲ ನಳ ಭಾಳ ತಡಾ ಆತು... ಒಂದ್ ವಾರ ಹಾಕಿಲ್ರಿ."

ಮಾವ ನನ್ನ ಕಡೆ ತಿರುಗಿದ — ಗಾಡಿ ತಿಳಿದವನು ನಾನು, ಹೌದೋ ಅಲ್ಲವೋ ನಾನು ಹೇಳಬೇಕು. ಆಗ ಬಾಯಿ ಬಿಟ್ಟಿದ್ದರೆ — ಇಲ್ಲ, ಬಿಟ್ಟೆ. ಬಿಟ್ಟು ಹೇಳಿದ್ದು ಅದನ್ನೇ. "ನೀರ ಹಾಕಬೇಕಾಗಿತ್ತಕ್ಕಾ."

ಅಕ್ಕಾ, ಕೇಳು. ನೀನು ಹಾಕಿದ ನೀರು ಆ ಕಾರಿಗೆ ಒಂದು ದಿನವೂ ಸೇರಲಿಲ್ಲ. ಹಸಿರು ತಂತಿಯನ್ನು ಮೊದಲ ದಿನವೇ ಬಿಡಿಸಿಟ್ಟಿದ್ದೆ. ನೀನು ಆ ಗುಂಡಿಗೆ ತುಂಗಭದ್ರೆಯನ್ನೇ ತಂದು ಸುರಿದಿದ್ದರೂ ಅಂದು ಮುದುಕಿಗೆ ಹೊಡೆಯುವ ಕರೆಂಟು ಹೊಡೆದೇ ಹೊಡೆಯುತ್ತಿತ್ತು. ಹಾಕದೆ ಇದ್ದ ಆ ಒಂದು ವಾರಕ್ಕೂ, ಹಾಕಿದ ಇಡೀ ವರ್ಷಕ್ಕೂ ಏನೂ ವ್ಯತ್ಯಾಸ ಇರಲಿಲ್ಲ. ನಿನ್ನ ಕುಡಿಯುವ ನೀರಲ್ಲಿ ಉಳಿಸಿ ಉಳಿಸಿ ಹಾಕುತ್ತಿದ್ದೆಯಲ್ಲ — ನಾನು ನೋಡಿಯೂ ಸುಮ್ಮನಿದ್ದೆ.

ಆಮೇಲಿನದು ನಿನಗೇ ಗೊತ್ತು, ನನಗಿಂತ ಚೆನ್ನಾಗಿ. ಗೌರವ್ವ ಮತ್ತೆ ನಡೆಯಲಿಲ್ಲ. ನೀನು ಎತ್ತಿದೆ, ಮಗ್ಗುಲು ಬದಲಿಸಿದೆ, ಮೈ ಒರೆಸಿದೆ, ಉಣಿಸಿದೆ. ಒಂದು ದಿನವೂ ತವರಿಗೆ ಬಂದು ಉಳಿಯಲಿಲ್ಲ. "ಒಂದ್ ತಂಬಿಗಿ ನೀರಿಗೆ ನಮ್ಮವ್ವನ ಸೊಂಟ ಹೋತು" ಎಂದು ಶಿವಲೀಲಾ ಬಂದವರಿಗೆಲ್ಲ ಹೇಳಿದಳು, ನೀನು ಚಹಾ ತಂದುಕೊಡುತ್ತಿದ್ದಾಗಲೇ. ಮಾವ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ನಿನ್ನ ಜೊತೆ ನಗುವುದನ್ನು ಬಿಟ್ಟ. ಕಾರನ್ನು ಗದಗದ ಫಾಸ್ಟ್ ಚಾರ್ಜರಿನಲ್ಲೇ ತುಂಬಿಸಿಕೊಂಡು ಬರತೊಡಗಿದ. ನೀನು ಆ ಕಾರನ್ನು ಮತ್ತೆ ಹತ್ತಲಿಲ್ಲ. ಎಲ್ಲಿಗೆ ಹೋಗುವುದಿದ್ದರೂ ಬಸ್ಸು.

ನಾನು? ನಾನು ಬಹಳ ಕಟ್ಟುನಿಟ್ಟಿನ ಮನುಷ್ಯನಾದೆ. ಅರ್ಥಿಂಗ್ ಸ್ವತಃ ಅಳೆದು ನೋಡದೆ ಯಾರಿಗೂ ಗಾಡಿ ಕೊಡುವುದಿಲ್ಲ. ಮುಹೂರ್ತ ತಪ್ಪಿದರೂ ಸರಿ, ಗಿರಾಕಿ ಸಿಟ್ಟು ಮಾಡಿ ಎದ್ದುಹೋದರೂ ಸರಿ. ಅದಕ್ಕಾಗಿ ನನ್ನನ್ನು ಹೊಗಳುತ್ತಾರೆ, ಹೊಸಬರಿಗೆ ನನ್ನ ಉದಾಹರಣೆ ಕೊಡುತ್ತಾರೆ. ಹೊಗಳಿಸಿಕೊಂಡು ಸುಮ್ಮನೆ ತಲೆಯಾಡಿಸುತ್ತೇನೆ. ದಿನಕ್ಕೊಬ್ಬರಾದರೂ ಕೇಳುತ್ತಾರೆ, ಮಳೆಯಲ್ಲಿ ಕರೆಂಟ್ ಹೊಡೆಯುತ್ತದೆಯೇ ಎಂದು. ಉತ್ತರ ಹೇಳುವ ಮೊದಲು ನೀರು ಕುಡಿಯಬೇಕಾಗುತ್ತದೆ.

ಒಮ್ಮೆ ಹೇಳಲೇಬೇಕೆಂದು ಬಂದಿದ್ದೆ. ನೀನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ, ಮಾವ ಊರಲ್ಲಿರಲಿಲ್ಲ. ಗೌರವ್ವನ ಹಾಸಿಗೆಯ ಪಕ್ಕ ಕೂತೆ. ಆಕೆ ನನ್ನನ್ನೇ ನೋಡಿ, "ಏನೋ ಹೇಳಾಕ ಬಂದಂಗೈತಿ" ಎಂದಳು. ನನ್ನ ಬಾಯಿಂದ ಬಂದದ್ದು, "ಚಾ ಕುಡದ್ಯಾಬೇ?" "ನಿಮ್ಮಕ್ಕ ಆಗಳೇ ಕುಡಸ್ಯಾಳು" ಎಂದಳು ಮುದುಕಿ. ಆಮೇಲೆ ತಾನೇ, "ಭಾಳ ಮಾಡ್ತಾಳೋ. ತಪ್ಪು ತೀರಸ್ತಾಳು, ಪಾಪ" ಎಂದಳು. ಆ ಮಾತು ಕೇಳಿಯೂ ಎದ್ದು ಬಂದೆ. ಆಕೆಯ ಮನಸ್ಸಿನಲ್ಲೂ ಅದೇ ಇತ್ತು, ಅಕ್ಕಾ. ಒಂದೇ ಮಾತಿಗೆ ತೆಗೆಯಬಹುದಿತ್ತು.

ಈಗ ಗೌರವ್ವ ಇಲ್ಲ. ದಿನಕರ್ಮದ ಊಟ ಮುಗಿದು ಬಂದವರೆಲ್ಲ ಎದ್ದ ಮೇಲೆ ನೀನು ಹಿತ್ತಲ ಬಾಗಿಲಲ್ಲಿ ಕೂತಿದ್ದೆ. ನಾನು ಪಕ್ಕ ಬಂದು ಕೂತೆ. ನೀನು ಅಳಲಿಲ್ಲ, ಯಾರದೋ ಸುದ್ದಿ ಹೇಳುವವಳ ಹಾಗೆ ಹೇಳಿದೆ:

"ಕಡೀಗೆ ಕೈ ಹಿಡಕೊಂಡಿದ್ಲೋ ಮಂಜ್ಯಾ. ನನ್ನಿಂದ ಹಿಂಗಾತು, ಕ್ಷಮಾ ಮಾಡ್ರಿ ಅತ್ತಿ ಅಂದೆ. ತಲಿ ಅಳ್ಳಾಡಸಿದ್ಲು. ಮಾಡೀನಿ ಅಂದ್ಲೋ, ಮಾಡಂಗಿಲ್ಲ ಅಂದ್ಲೋ, ತಿಳೀಲಿಲ್ಲ. ಕೇಳೂದ್ರಾಗ ಹೋದ್ಲು."

ನಾನು ಅಂದೂ ಬಾಯಿ ಬಿಡಲಿಲ್ಲ. ಊಟದ ಎಲೆ ಎತ್ತಿಟ್ಟು ಬಸ್ಸು ಹಿಡಿದು ಗದಗಕ್ಕೆ ಬಂದೆ.

ಆ ಕ್ಷಮೆ ನಾನು ಕೇಳಬೇಕಾಗಿದ್ದು. ನನ್ನ ಪಾಲಿನದನ್ನು ನೀನು ಕೇಳಿದೆ, ಅದೂ ಉತ್ತರ ಸಿಗದ ಹಾಗೆ. ಕೊಡಬೇಕಾದವಳು ಹೋದಳು. ನಾನು ಇನ್ನು ಏನು ಮಾಡಿದರೂ ಆ ಹಾಸಿಗೆಯ ಪಕ್ಕದ ಒಂದು ಗಳಿಗೆ ನಿನಗೆ ತಿರುಗಿ ಬರುವುದಿಲ್ಲ. ಸೊಂಟ ಮುರಿದದ್ದು ನನ್ನ ಮೊದಲ ತಪ್ಪಿನಿಂದ. ಇದು ಅದಕ್ಕಿಂತ ದೊಡ್ಡದು ಎಂದು ನನಗೆ ಅನ್ನಿಸುತ್ತದೆ. ಹೆಚ್ಚು ಕಡಿಮೆ ತೂಗುವ ಹಕ್ಕು ನನಗಿಲ್ಲ, ಆದರೂ.

ಶೋರೂಮಿನಲ್ಲಿ ನಿನ್ನೆಯೇ ಹೇಳಿದೆ. ಅವರು ಏನು ಮಾಡುತ್ತಾರೋ ಮಾಡಲಿ. ಬರುವ ರವಿವಾರ ಲಕ್ಷ್ಮೇಶ್ವರಕ್ಕೆ ಬರುತ್ತೇನೆ. ಶಿವಲೀಲಾಳಿಗೂ ಬರಲು ಹೇಳಿದ್ದೇನೆ, ಪಕ್ಕದ ಮನೆಯವರಿಗೂ. ಲೈನ್‌ಮನ್ ಸಿಕ್ಕರೆ ಅವನನ್ನೂ ಕರೆಯುತ್ತೇನೆ. ಅದೇ ಅಂಗಳದಲ್ಲಿ, ಅವರೆಲ್ಲ ನಿಂತಿರುವಾಗ ಹೇಳುತ್ತೇನೆ. ಹೇಳಿದ ಮೇಲೆಯೇ ಈ ಕಾಗದವನ್ನು ನಿನ್ನ ಕೈಗೂ ಅವರ ಕೈಗೂ ಕೊಡುತ್ತೇನೆ. ಮೊದಲು ನಿನ್ನೊಬ್ಬಳಿಗೆ ಹೇಳಬೇಕಿತ್ತು ಎಂದು ನಿನಗೆ ಅನಿಸಬಹುದು. ಹೇಳಿದರೆ ಏನಾಗುತ್ತದೆಂದು ನನಗೆ ಗೊತ್ತು. ನೀನು ಸುಮ್ಮನೆ ಕೂತು ಕೇಳುತ್ತೀ, ಆಮೇಲೆ ನನ್ನ ತಲೆ ಸವರಿ, "ಆದದ್ದು ಆತು, ಯಾರ ಮುಂದೂ ಅನಬ್ಯಾಡ" ಎನ್ನುತ್ತೀ. ಜನ ತಮ್ಮನಿಗೆ ಅನ್ನಬೇಕಾದ ಮಾತನ್ನು ನೀನೇ ಅನ್ನಿಸಿಕೊಂಡು ಇದ್ದುಬಿಡುತ್ತೀ, ಸಾಯುವವರೆಗೆ. ನಾನೂ ಸುಮ್ಮನಿದ್ದುಬಿಡುತ್ತೇನೆ. ನನ್ನನ್ನು ನಾನು ಅಷ್ಟು ಬಲ್ಲೆ. ಅದಕ್ಕೇ ಈ ಸಲ ನಿನ್ನನ್ನು ಕೇಳಿ ಹೇಳುವುದಿಲ್ಲ.